ಹೊಸಾ ರೋಡ್ ಬೈಕು (ಓಟದ ಸೈಕಲ್ಲು), ಮುಳವಾಡ ಮುಟ್ಟೂದ್ರಾಗ ಕೈ ಜೋಮು ಹಿಡೀತಾವ, ಏನ್ ಮಾಡ್ಲಿ?

ಗುಮ್ಮಟದ ಗಾಳಿ (ವಿಜಯಪುರ)

ಎಲ್ಲಾರಿಗೂ ನಮಸ್ಕಾರ್ರಿ. ವಯಸ್ಸು 36, ತೂಕ 72 ಕೆಜಿ, ಎತ್ತರ 5 ಅಡಿ 7 ಇಂಚು. ಇಷ್ಟ ದಿನಾ ದಪ್ಪ ಟೈರಿನ ಎಂಟಿಬಿ (ಗುಡ್ಡಗಾಡಿನ ಸೈಕಲ್) ಹೊಡೀತಿದ್ದೆ, ಮೂರು ವಾರದ ಹಿಂದ ರೋಡ್ ಬೈಕ್ ತಗೊಂಡೇನಿ, ಅಲ್ಯೂಮಿನಿಯಂ ಫ್ರೇಮು, ಕಾರ್ಬನ್ ಫೋರ್ಕು (ಮುಂದಿನ ಗಾಲಿ ಹಿಡಿಯೋ ಕವಲು), 25ಸಿ ಅಂದ್ರ ಸುಮಾರು 25 ಮಿಮೀ ಅಗಲದ ಟೈರು, ರಿಮ್ ಬ್ರೇಕು (ಗಾಲಿ ಅಂಚಿಗೆ ಒತ್ತೋ ಬ್ರೇಕು). ಓಟ ಅಂದ್ರ ಓಟ, ಅದ್ರಾಗ ಎರಡ್ ಮಾತಿಲ್ಲ. ಆದ್ರ ಹೋದ ಐತವಾರ ಬಾಗಲಕೋಟಿ ರೋಡಿಗೆ ಕೊಲ್ಹಾರ ಸೇತುವಿ ತನಾ ಹೋಗಿ ಕೃಷ್ಣಾ ನೋಡ್ಕೊಂಡು ಬರೂಣು ಅಂತ ಹೊಂಟಾವ ಮುಳವಾಡಕ್ಕ ಹಿಂದ ತಿರಗಿದೆ. ಕಿರುಬೆರಳು, ಅದ್ರ ಬಾಜೂ ಬೆರಳು ಎರಡೂ ಜೋಮು ಹಿಡಿದು ಗೇರ್ ಹಾಕಿದ್ದ ಗೊತ್ತಾಗವಲ್ದು, ಕುತ್ತಿಗಿ ಹಿಡದೈತಿ, ಕುಂಡಿ ಬಗ್ಗೆ ಅಂತೂ ಕೇಳಬ್ಯಾಡ್ರಿ, ಮನಿಗೆ ಬಂದು ಸೋಫಾದ ಮ್ಯಾಲೂ ಒಂದ್ ಕಡೆ ವಾಲಿ ಕುಂತಿದ್ದೆ.

ಅಂಗಡ್ಯಾವ್ರನ್ನ ಕೇಳಿದ್ರ ರೋಡ್ ಬೈಕ್ ಅಂದ್ರ ಹಂಗರಿ, ರೂಢಿ ಆಗ್ತೈತಿ ಅಂತಾರ. ಸೀಟ್ ನೋವು ಅಂತ ನಾನs ಅದ್ರ ಮೂತಿ ಸ್ವಲ್ಪ ಕೆಳಗ ಮಾಡೇನಿ, ಮ್ಯಾಲೆ ಒಂದು ಜೆಲ್ ಕವರ್ ಹಾಕೇನಿ. ಈಗ ಸಸ್ಪೆನ್ಶನ್ ಇರೋ ಸೀಟ್‌ಪೋಸ್ಟ್ ತಗೊಳ್ಳೋದೋ, ಸೀಟ್ ಬದಲಿ ಮಾಡೋದೋ, ಇಲ್ಲಾ ಮಾರಿ ಹೈಬ್ರಿಡ್ (ನೆಟ್ಟಗ ಕುಂತು ಹೊಡಿಯೋ ಸೈಕಲ್) ತಗೊಳ್ಳೋದೋ? ರೊಕ್ಕ ಹಾಕೂಕಿಂತ ಮೊದ್ಲ ಕೇಳೂಣು ಅಂತ.

ಕರದಂಟು ಎಕ್ಸ್‌ಪ್ರೆಸ್ (ಬಾಗಲಕೋಟೆ)

ಮಾರಬ್ಯಾಡ್ರಿ ಅಣ್ಣಾರ, ಏನೂ ತಗೊಳ್ಳೂದೂ ಬ್ಯಾಡ. ಮೊದ್ಲ ಒಂದ್ ಪ್ರಶ್ನೆ, ಟೈರಿನಾಗ ಗಾಳಿ ಎಷ್ಟ್ ಐತಿ? ಪಂಪಿನ ಮೀಟರ್ ನೋಡಿ ಹೇಳ್ರಿ, ಬೆರಳಿಂದ ಒತ್ತಿ ನೋಡಿ ಅಲ್ಲ.

ಗುಮ್ಮಟದ ಗಾಳಿ

ಅಂಗಡ್ಯಾಗ 110 ಪಿಎಸ್‌ಐ (ಗಾಳಿ ಒತ್ತಡದ ಅಳತಿ) ಹೊಡದ್ ಕೊಟ್ಟಿದ್ರು, ನಾನೂ ಅಷ್ಟs ಇಟ್ಕೊಂಡ್ ಬಂದೇನಿ. ಟೈರಿನ ಮ್ಯಾಲೆ ಮ್ಯಾಕ್ಸಿಮಮ್ 115 ಅಂತ ಬರದೈತಿ.

ಕರದಂಟು ಎಕ್ಸ್‌ಪ್ರೆಸ್

ಅದs ನೋಡ್ರಿ. ಮ್ಯಾಕ್ಸಿಮಮ್ ಅಂದ್ರ ಅದಕ್ಕಿಂತ ಹೆಚ್ಚ ಹೊಡೀಬ್ಯಾಡ್ರಿ ಅಂತ ಹೇಳೂದು, ಇಷ್ಟs ಹೊಡೀರಿ ಅಂತಲ್ಲ. 72 ಕೆಜಿಗೆ 25ಸಿ ಟೈರ್ ಇದ್ರ ಹಿಂದ 85, ಮುಂದ 78ರ ಆಜೂಬಾಜೂ ಇಟ್ಟು ನೋಡ್ರಿ, ಮುಂದಿಂದ ಯಾವತ್ತೂ ಸ್ವಲ್ಪ ಕಮ್ಮಿ ಯಾಕಂದ್ರ ನಮ್ಮ ಭಾರ ಹಿಂದಿನ ಗಾಲಿ ಮ್ಯಾಲೆ ಜಾಸ್ತಿ ಬೀಳ್ತೈತಿ. ಗಟ್ಟಿ ಟೈರು ಜೋರ್ ಓಡ್ತೈತಿ ಅನ್ನೂದು ಟ್ರ್ಯಾಕಿನ್ಯಾಗ ಖರೆ, ನಮ್ಮ ರೋಡಿನ್ಯಾಗ ಗಾಲಿ ಪ್ರತಿ ಕಲ್ಲಿಗೂ ಪುಟದು ನಿಮ್ಮನ್ನ ಎತ್ತಿ ಒಗೀತೈತಿ, ನೀವು ತುಳದ ಶಕ್ತಿ ಎಲ್ಲಾ ಮ್ಯಾಲೆ ಕೆಳಗ ಕುಣಿಯೂದ್ರಾಗs ಹೋಗ್ತೈತಿ. ನಮ್ಮ ಮುಧೋಳ ಜಮಖಂಡಿ ಕಡೆ ಕಬ್ಬಿನ ಸೀಜನ್ನಿನ್ಯಾಗ ಬಂದ್ ನೋಡ್ರಿ, ಟ್ರ್ಯಾಕ್ಟರ್ ಓಡಿ ಓಡಿ ರೋಡು ಹಪ್ಪಳ ಆಗಿರ್ತೈತಿ, ಅಲ್ಲಿ 110 ಹಾಕ್ಕೊಂಡ್ ಹೋದ್ರ ಹಲ್ಲು ಅಲ್ಲಾಡ್ತಾವ.

ಹಂಗಂತ ತೀರಾ ಇಳಸಬ್ಯಾಡ್ರಿ, ತಗ್ಗಿನ್ಯಾಗ ಬಿದ್ರ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವ ಸಿಕ್ಕು ಹಾವು ಕಚ್ಚಿದಂಗ ಎರಡ್ ತೂತು ಬೀಳ್ತಾವ. ಈಗಿನ ಟೈರು ಸವದ ಮ್ಯಾಲೆ 28ಸಿ ಹಾಕಿಸ್ರಿ, ಆದ್ರ ರಿಮ್ ಬ್ರೇಕ್ ಐತಿ ಅಂದ್ರಿ, ಬ್ರೇಕಿನ ಕಮಾನಿಗೂ ಟೈರಿಗೂ ನಡುವ ಜಾಗ ಎಷ್ಟೈತಿ ಅಳದು ನೋಡ್ರಿ, 28 ಅಂದ್ರ ಎತ್ತರಾನೂ ಸುಮಾರು 3 ಮಿಮೀ ಏರ್ತೈತಿ. ಕೂತ್ರ 70ರ ಒಳಗs ಹೊಡೀಬಹುದು, ಹಾಸಿಗಿ ಮ್ಯಾಲೆ ಹೋದಂಗ.

ಟಿಳಕವಾಡಿ ತುಂತುರು (ಬೆಳಗಾವಿ)

ಗಾಳಿ ಮಾತು ಒಪ್ತೀನಿ, ಆದ್ರ ಕೈ ಜೋಮಿಗೆ ಕಾರಣ ಬ್ಯಾರೆ ಐತಿ ಅನಸ್ತದ. ನೀವು ಸೀಟಿನ ಮೂತಿ ಕೆಳಗ ಮಾಡಿದ್ದs ಮುಳುವಾಗೇದ. ಕುಂತಲ್ಲೆ ಮೈ ಮುಂದಕ್ಕ ಜಾರ್ತದ, ಜಾರೂದನ್ನ ತಡೀಲಿಕ್ಕೆ ಇಡೀ ದಾರಿ ಕೈಲೆ ಒತ್ತಿ ಹಿಡಿದಿರ್ತೀರಿ. ಅಂಗೈಯ ಕಿರುಬೆರಳಿನ ಕಡಿ ದಂಡಿಗೆ ಅಲ್ನಾರ್ ಅಂತ ಒಂದು ನರ ಹೋಗ್ತದ, ಅದು ಹ್ಯಾಂಡಲಿಗೆ ಒತ್ತಿದ್ರ ನೀವು ಹೇಳಿದ ಅವs ಎರಡು ಬೆರಳು ಜೋಮು ಹಿಡೀತಾವ. ಹೆಚ್ಚು ದಿನ ಹಂಗs ಬಿಟ್ರ ಹಿಡಿತಾನೂ ಕಮ್ಮಿ ಆಗ್ತದ, ರೂಢಿ ಆಗ್ತದ ಅನ್ನೋರ ಮಾತು ಇದಕ್ಕ ಕೇಳಬ್ಯಾಡ್ರಿ.

ಸೀಟಿನ ಮ್ಯಾಲೆ ಒಂದು ಲೆವೆಲ್ ಇಟ್ಟು ಸಪಾಟ ಮಾಡ್ರಿ, ಫೋನಿನ್ಯಾಗೂ ಇರ್ತದ. ಆಮ್ಯಾಲೆ ಎತ್ತರ. ಬರಿಗಾಲಿಲೆ ಗೋಡಿಗೆ ನಿಂತು ಕಾಲ್ನಡುವ ಒಂದು ದಪ್ಪ ಪುಸ್ತಕ ಗಟ್ಟಿಯಾಗಿ ಮ್ಯಾಲೆ ಒತ್ತಿ ನೆಲದಿಂದ ಅಳೀರಿ, ಬಂದದ್ದಕ್ಕ 0.883 ಗುಣಿಸ್ರಿ. 78 ಸೆಂಮೀ ಬಂದ್ರ ಸುಮಾರು 69, ಅದು ಪೆಡಲ್ ಕ್ರ್ಯಾಂಕು ತಿರಗೂ ಅಚ್ಚಿನ ನಟ್ಟ ನಡುವಿನಿಂದ ಸೀಟಿನ ಮ್ಯಾಲಿನ ತನಾ. ಲೆಕ್ಕಾ ಬ್ಯಾಡಂದ್ರ ಹಿಮ್ಮಡಿ ಪೆಡಲ್ ಮ್ಯಾಲಿಟ್ಟು ಕೆಳಗ ತುಳೀರಿ, ಕಾಲು ನೆಟ್ಟಗ ಆಗ್ಬೇಕು, ಆದ್ರ ಕುಂಡಿ ಅತ್ಲಾಗಿತ್ಲಾಗ ಅಲ್ಲಾಡಬಾರದು. ಮೊಣಕಾಲಿನ ಮುಂದ ನೋವು ಬಂದ್ರ ಸೀಟು ಬಹುತೇಕ ಕೆಳಗದ, ಹಿಂದ ಬಂದ್ರ ಮ್ಯಾಲದ. ಒಮ್ಮೆಗೆ 3–4 ಮಿಮೀಗಿಂತ ಹೆಚ್ಚು ಸರಸಬ್ಯಾಡ್ರಿ, ಮೊದ್ಲಿಂದ ಎಲ್ಲಿತ್ತು ಅಂತ ಟೇಪ್ ಹಚ್ಚಿ ಗುರ್ತು ಮಾಡ್ಕೋರಿ.

ಇನ್ನೊಂದು, ಹ್ಯಾಂಡಲ್ ದೂರ ಆತಂತ ಎಲ್ಲಾರೂ ಸೀಟನ್ನ ಮುಂದಕ್ಕ ದೂಡ್ತಾರ, ನಾನೂ ದೂಡಿದ್ದೆ, ಅದರಿಂದ ಕೈ ಮ್ಯಾಲಿನ ಭಾರ ಇನ್ನೂ ಹೆಚ್ಚಾತು. ದೂರ ಕಮ್ಮಿ ಮಾಡೂದು ಸ್ಟೆಮ್ಮಿನಿಂದ, ಅಂದ್ರ ಹ್ಯಾಂಡಲನ್ನ ಫೋರ್ಕಿನ ಕೊಳವಿಗೆ ಜೋಡಸೂ ತುಂಡಿನಿಂದ.

ಗುಮ್ಮಟದ ಗಾಳಿ

ಅಯ್ಯಯ್ಯ, ಸೀಟೂ ಮುಂದ ದೂಡೇನ್ರಿ ನಾ 😅 ಸ್ಟೆಮ್ಮಿನ ಕೆಲಸ ಮನ್ಯಾಗ ಆಗ್ತೈತೇನ್ರಿ? ಜೆಲ್ ಕವರ್?

ಟಿಳಕವಾಡಿ ತುಂತುರು

ಆಗ್ತದ. ನಿಮ್ಮ ಸ್ಟೆಮ್ 6 ಡಿಗ್ರಿ ಕೆಳಗ ಮಾರಿ ಮಾಡಿ ಕೂಡಿಸಿರ್ತಾರ, ಅದನ್ನ ತಿರುವಿ ಹಾಕಿದ್ರ 100 ಮಿಮೀ ಸ್ಟೆಮ್ಮಿಗೆ ಹ್ಯಾಂಡಲ್ ಸುಮಾರು 2 ಸೆಂಮೀ ಮ್ಯಾಲೆ ಬರ್ತದ, ಒಂದು ರೂಪಾಯಿ ಖರ್ಚಿಲ್ಲ. ಜೋಡಿಸೂಮುಂದ ಕ್ರಮ ತಪ್ಪಬ್ಯಾಡ್ರಿ, ಮೊದ್ಲ ಮ್ಯಾಲಿನ ಟೋಪಿ ಬೋಲ್ಟ್ ಹಗೂರಕ ಬಿಗಿ ಮಾಡಿ ಹೆಡ್‌ಸೆಟ್ಟಿನ (ಹ್ಯಾಂಡಲ್ ತಿರಗೂ ಬೇರಿಂಗಿನ) ಲಟಲಟ ಹೋಗಬೇಕು, ಹ್ಯಾಂಡಲ್ ಸಲೀಸ ತಿರಗಬೇಕು, ಆಮ್ಯಾಲೆ ಗಾಲಿಗೆ ಸೀದಾ ಮಾಡಿ ಸೈಡಿನ ಬೋಲ್ಟು. ಹ್ಯಾಂಡಲ್ ಹಿಡಿದಿಡೂದು ಸೈಡಿನ ಬೋಲ್ಟುಗಳು, ಟೋಪಿ ಅಲ್ಲ. ಫೋರ್ಕಿನ ಕೊಳವಿನೂ ಕಾರ್ಬನ್ ಇದ್ರ ಟಾರ್ಕ್ ರೆಂಚ್ (ಎಷ್ಟ್ ಬಿಗಿ ಆತು ಅಂತ ತೋರಸೂ ಪಾನಾ) ಇಲ್ಲದ ಕೈ ಹಚ್ಚಬ್ಯಾಡ್ರಿ, ಸ್ಟೆಮ್ ಮ್ಯಾಲೆ 5 ನ್ಯೂಟನ್ ಮೀಟರ್ ಅಂತ ಏನ ಬರದಿರ್ತಾರ ಅಷ್ಟs.

ಜೆಲ್ ಕವರ್ ಬಗ್ಗೆ ಬ್ಯಾರೆಯವ್ರು ಹೇಳ್ತಾರ, ನನಗ ಅದನ್ನ ಕಂಡ್ರ ಸಿಟ್ಟು.

ರೊಟ್ಟಿ ಶೇಂಗಾ ಹಿಂಡಿ (ವಿಜಯಪುರ)

ನಾ ಹೇಳ್ತೀನಿ. ಮೆತ್ತಗಿದ್ದದ್ದು ಒಂದ್ ತಾಸಿಗೆ ಸುಖ, ಆಮ್ಯಾಲೆ ನಿಮ್ಮ ಕುಂಡಿ ಎಲುಬು ಎರಡೂ ಅದ್ರಾಗ ಮುಳಗಿ ನಡುವಿನ ಜೆಲ್ ಉಬ್ಬಿ ನಾಜೂಕ ಜಾಗಾಕ್ಕ ಒತ್ತತೈತಿ. ಸೀಟು ಮೆತ್ತಗಿರೂದಲ್ಲ, ಅಗಲ ಸರಿ ಇರ್ಬೇಕು. ಪ್ಯಾಕಿಂಗ್ ರಟ್ಟು ಒಂದು ಮೆಟ್ಟಲ ಮ್ಯಾಲಿಟ್ಟು ಸ್ವಲ್ಪ ಮುಂದಕ್ಕ ಬಾಗಿ ಗಟ್ಟಿ ಕೂಡ್ರಿ, ಎದ್ದು ನೋಡಿದ್ರ ಎರಡು ತಗ್ಗು ಬಿದ್ದಿರ್ತಾವ, ಅವುಗಳ ನಡು ನಡುವಿನ ಅಂತರಕ್ಕ 2 ಸೆಂಮೀ ಕೂಡ್ಸಿದ್ರ ನಿಮ್ಮ ಸೀಟಿನ ಅಗಲ ಹತ್ತಿರತ್ತಿರ ಸಿಗ್ತೈತಿ. ಈಗಿಂದ ಅಷ್ಟs ಇದ್ರ ಬದಲಿ ಮಾಡೂದs ಬ್ಯಾಡ.

ರೊಕ್ಕ ಹಾಕೂದಿದ್ರ ಪ್ಯಾಡ್ ಇರೋ ಚೊಲೊ ಚಡ್ಡಿಗೆ ಹಾಕ್ರಿ. ಅದ್ರ ಒಳಗ ಮತ್ತೊಂದು ಚಡ್ಡಿ ಹಾಕಬಾರದು, ಇದನ್ನ ಯಾರೂ ನಾಚಿ ಹೇಳಂಗಿಲ್ಲ, ನಾ ಎರಡು ತಿಂಗಳು ಹಾಕ್ಕೊಂಡು ತೊಡಿ ಕೆತ್ತಿಸಿಕೊಂಡೇನಿ. ನಮ್ಮೂರ ಏಪ್ರಿಲ್ ಬಿಸಲಿಗೆ ಬೆವರು ಉಪ್ಪಾಗಿ ಕೂಡ್ತೈತಿ, ಪ್ರತಿ ಸಲ ಒಗದs ಹಾಕ್ರಿ. ಮತ್ತ ನಮ್ಮೂರಾಗ ಸೈಕ್ಲಿಂಗ್ ಹಾಸ್ಟೆಲ್ ಹುಡುಗ್ರು ಮುಂಜಾನೆ ಹೊಂಟಿರ್ತಾರಲ್ಲ, ಅವ್ರ ಮೊಣಕೈ ನೋಡ್ರಿ, ಯಾವತ್ತೂ ಸ್ವಲ್ಪ ಮಡಚಿರ್ತಾವ. ನಾವು ಹೊಸಬ್ರು ಕೋಲಿನಂಗ ನೆಟ್ಟಗ ಹಿಡಿತೀವಿ, ರೋಡಿನ ಹೊಡತ ಸೀದಾ ಕುತ್ತಿಗಿಗೆ.

ಗುಮ್ಮಟದ ಗಾಳಿ

ಹತ್ತು ದಿನ ಆತು, ಹೇಳಾಕ ಬಂದೆ. ಒಂದೊಂದs ಮಾಡಿದೆ. ಗಾಳಿ 85/78 ಮಾಡಿದ್ದಕ್ಕ ಅರ್ಧಾ ಕುತ್ತಿಗಿ ನೋವು ಅವತ್ತs ಹೋತು. ಸೀಟು ಸಪಾಟ ಮಾಡಿ ಹಿಂದಕ್ಕ ತಂದೆ, ಎತ್ತರ ಅಳದ್ರ 2 ಸೆಂಮೀ ಕೆಳಗಿತ್ತು, ಐದಾರು ಸಲಕ್ಕ ಏರಿಸೇನಿ. ಸ್ಟೆಮ್ ಇನ್ನೂ ತಿರುವಿಲ್ಲ, ಕೊಳವಿ ಕಾರ್ಬನ್ ಐತಂತ, ರೆಂಚ್ ಇದ್ದಾವ್ರನ್ನ ಹುಡಕಾಕತ್ತೇನಿ. ನಿನ್ನೆ ಕೊಲ್ಹಾರ ಸೇತುವಿ ಮುಟ್ಟಿ ಬಂದೆ. ಬರೂಮುಂದ ಎದುರುಗಾಳಿ ಜೀವಾ ತಿಂತು, ಬೆರಳು ಮನಿ ಹತ್ರ ಬಂದಾಗ ಸ್ವಲ್ಪ ಜುಂ ಅಂದ್ವು ಅಷ್ಟs. ಕುಂಡಿ ಇನ್ನೂ ನೋಯ್ತೈತಿ, ಆದ್ರ ಸೋಫಾದ ಮ್ಯಾಲೆ ನೆಟ್ಟಗ ಕುಂತೇನಿ.

ರೊಟ್ಟಿ ಶೇಂಗಾ ಹಿಂಡಿ

ಆ ಜೆಲ್ ಕವರ್ ಏನ್ ಮಾಡಿದ್ರಿ?

ಗುಮ್ಮಟದ ಗಾಳಿ

ಅಪ್ಪಾರ ಕರೇ ಸೈಕಲ್ಲಿಗೆ ಹಾಕೇನ್ರಿ. ಅವ್ರು ಅದ್ರ ಮ್ಯಾಲೆ ಕುರ್ಚ್ಯಾಗ ಕುಂತಂಗ ನೆಟ್ಟಗ ಕುಂತು ಹಾಲು ತರಾಕ ಹೋಗ್ತಾರ, ಭಾಳ ಚೊಲೊ ಐತಿ ಅಂತಾರ.