ಪದಚರ್ಚೆ: ಹ್ಯಾಮ್ ರೇಡಿಯೋದ ‘ಆರ್‌ಆರ್73’ ಮತ್ತು ‘ರ‍್ಯಾಗ್‌ಚ್ಯೂ’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ತಗೊಂಡವರಿಗೆ ಕೊಡೋಣ ಅಂತ ನಾಲ್ಕು ಪುಟದ ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ಆಂಟೆನಾ, ಬ್ಯಾಂಡ್, ಕಾಲ್‌ಸೈನ್ ಎಲ್ಲ ಹಾಗೇ ಬಿಟ್ಟೆ, ಅದರಲ್ಲಿ ತಕರಾರಿಲ್ಲ. ಸಿಕ್ಕಿಹಾಕಿಕೊಂಡಿದ್ದು ಮಾತು ಮುಗಿಸುವ ಜಾಗದಲ್ಲಿ.

ಎಫ್‌ಟಿ8 ಗೊತ್ತಿಲ್ಲದವರಿಗೆ ಒಂದು ಮಾತು. ಇದು ಕಂಪ್ಯೂಟರ್ ಜೋಡಿಸಿ ರೇಡಿಯೋದಲ್ಲಿ ಚಿಕ್ಕ ಸಂದೇಶ ಕಳಿಸೋಕೆ 2017ರಲ್ಲಿ ಬಂದ ಡಿಜಿಟಲ್ ವಿಧಾನ. 15 ಸೆಕೆಂಡು ನಾವು ಕಳಿಸಬೇಕು, ಮುಂದಿನ 15 ಸೆಕೆಂಡು ಅವರದು. ಕರೆ, ಉತ್ತರ, ಸಿಗ್ನಲ್ ಎಷ್ಟು ಜೋರಿದೆ ಅನ್ನುವ ಲೆಕ್ಕ ಅತ್ತಿಂದಿತ್ತ, ಆಮೇಲೆ ‘ಆರ್‌ಆರ್73’, ಕೊನೆಗೆ ‘73’. ಎಲ್ಲ ಸೇರಿ ಒಂದೂವರೆ ನಿಮಿಷ.

73 ಅನ್ನೋದು 19ನೇ ಶತಮಾನದ ತಂತಿ ಆಪರೇಟರುಗಳಿಂದ ಬಂದ ಸಂಕೇತ, ಅರ್ಥ ‘ಬೆಸ್ಟ್ ರಿಗಾರ್ಡ್ಸ್’. ‘ಶುಭ ಹಾರೈಕೆಗಳು’ ಅಂತ ಬರೆದು ನೋಡಿದೆ, ಹುಟ್ಟುಹಬ್ಬದ ಕಾರ್ಡಿನ ಥರ ಕಂಡಿತು. ಕಾಗದದ ಕೊನೆಗೆ ಬರೆಯುತ್ತಿದ್ದೆವಲ್ಲ, ‘ಇಂತಿ ನಮಸ್ಕಾರಗಳು’, ಅದೇ ಸರಿ ಅನ್ನಿಸುತ್ತೆ. ಇನ್ನು ‘ಆರ್‌ಆರ್’ ಅಂದರೆ ನೀವು ಕಳಿಸಿದ್ದು ಬಂತು ಅಂತ. ‘ಸ್ವೀಕರಿಸಲಾಗಿದೆ’ ಅಂದರೆ ಕಚೇರಿಯ ಸೀಲು ಹೊಡೆದ ಹಾಗಿರುತ್ತೆ. ನನ್ನ ಓಟು ‘ಮುಟ್ಟಿತು’ಗೆ. ಮನಿಯಾರ್ಡರ್ ಬಂದರೂ ನಮ್ಮಜ್ಜಿ ‘ಮುಟ್ತು ಕಣೋ’ ಅಂತಲೇ ಬರೆಸುತ್ತಿದ್ದರು. ಹಾಗಾಗಿ ಆರ್‌ಆರ್73 ಅಂದರೆ ‘ಮುಟ್ಟಿತು, ಇಂತಿ ನಮಸ್ಕಾರ’. (ತಮಾಷೆ ಏನಪ್ಪಾ ಅಂದರೆ, ಭೂಮಿಯನ್ನು ಚೌಕಚೌಕ ಮಾಡಿ ಹೆಸರಿಟ್ಟ ಹ್ಯಾಮ್‌ಗಳ ಗ್ರಿಡ್ ನಕ್ಷೆಯಲ್ಲೂ ಒಂದು ಆರ್‌ಆರ್73 ಇದೆ. ಆರ್ಕ್‌ಟಿಕ್ ಸಾಗರದ ನಡುವೆ!)

ನಿಜವಾದ ತೊಡಕು ಚುಕ್ಕಿ-ಗೆರೆ ಸಂಕೇತವಾದ ಮೋರ್ಸ್‌ನ ‘ಎಸ್‌ಕೆ’ದು. ಸಂಪರ್ಕ ಮುಗಿಯಿತು ಅನ್ನೋಕೂ ಅದೇ. ಹ್ಯಾಮ್ ಒಬ್ಬರು ತೀರಿಕೊಂಡರೆ ‘ಸೈಲೆಂಟ್ ಕೀ’ ಅನ್ನೋದಕ್ಕೂ ಅದೇ ಎರಡಕ್ಷರ. ಹೀಗಿರುವಾಗ ‘ಮುಗಿಯಿತು’ ಅಂತ ಬರೆಯೋಕೆ ಕೈ ಬರೋದಿಲ್ಲ. ಮನೆ ಬಾಗಿಲಲ್ಲಿ ‘ಹೋಗ್ತೀನಿ’ ಅಂದರೆ ಬೈಸಿಕೊಂಡು ಬೆಳೆದವರು ನಾವು. ‘ಬರ್ತೀನಿ’ ಅಂತ ಬರೆದರೆ ಹೇಗೆ? ಕೈಪಿಡಿಗೆ ಸ್ವಲ್ಪ ಸಲಿಗೆ ಜಾಸ್ತಿ ಆಯಿತಾ?

ಇದಕ್ಕೆ ಉಲ್ಟಾ ಇನ್ನೊಂದಿದೆ: ಮಾತು ಮುಗಿಸದೆ ಮುಂದುವರಿಸೋದು. ಎಫ್‌ಟಿ8ನಲ್ಲಿ ಸ್ವಂತ ಮಾತಿಗೆ ಒಂದು ಸಲಕ್ಕೆ 13 ಅಕ್ಷರ ಅಷ್ಟೇ. ‘ನಮಸ್ಕಾರ 73’ ಅನ್ನೋದನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ನಡುವಿನ ಜಾಗವೂ ಸೇರಿ 12. ಹಿಡಿಸಿತಲ್ಲಾ ಅಂತ ಖುಷಿಯಾಗಿ ಜಪಾನಿನ ಒಬ್ಬರಿಗೆ ಕಳಿಸಿದೆ. ಅತ್ತಲಿಂದ ಮತ್ತೊಂದು 73 ಬಂತು, ಅಷ್ಟೇ. ಸುಮ್ನೆ ಮಾತಾಡಬೇಕು ಅಂದರೆ ಪಿಎಸ್‌ಕೆ31, ಜೆಎಸ್8ಕಾಲ್ ಅನ್ನುವ ಬೇರೆ ಡಿಜಿಟಲ್ ವಿಧಾನಗಳ ಕಡೆ ಹೋಗಬೇಕು. ಅಲ್ಲಿ ಟೈಪ್ ಮಾಡುತ್ತಾ ಗಂಟೆಗಟ್ಟಲೆ ಕೂರಬಹುದು. ಇದಕ್ಕೆ ಹ್ಯಾಮ್‌ಗಳು ‘ರ‍್ಯಾಗ್‌ಚ್ಯೂ’ ಅನ್ನುತ್ತಾರೆ.

ಕರಾವಳಿ, ಮಲೆನಾಡಿನ ‘ಪಟ್ಟಾಂಗ’ ಇದಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ‘ಹರಟೆ’ ಎಲ್ಲರಿಗೂ ಗೊತ್ತು, ಆದರೆ ಕೆಲಸವಿಲ್ಲದವರ ಮಾತು ಅನ್ನುವ ವಾಸನೆ ಅದಕ್ಕಿದೆ. ‘ಮಾತು ಬೆಳೆಸು’ ಅಂದರೆ ಜಗಳದ ಕಡೆ ವಾಲುತ್ತೆ, ‘ಎಳೆ’ ಅಂದರೆ ಬೇಸರದ ಕಡೆ.

ಮೈಸೂರು, ತುಮಕೂರು ಕಡೆಯವರಿಗೆ ‘ಪಟ್ಟಾಂಗ’ ಕೇಳಿದ ತಕ್ಷಣ ತಿಳಿಯುತ್ತಾ? ಧಾರವಾಡ, ಕಲಬುರಗಿ ಕಡೆ ಇದಕ್ಕೆ ಏನಂತೀರಿ?