ಬ್ರೋಕರ್ ಯಾರ ಕಡೆಯವರು?

ಯಲಹಂಕದ ಗೃಹಿಣಿ: ಒಂದು ಹಳೇ ಫ್ಲ್ಯಾಟ್ ನೋಡಿದ್ದೇವೆ. ತೋರಿಸಿದ ಬ್ರೋಕರ್ ನಮ್ಮಿಂದ ಶೇ 2 ಕಮಿಷನ್ ಕೇಳ್ತಿದ್ದಾರೆ, ಓನರ್ ಹತ್ತಿರವೂ ತಗೋತಾರಂತೆ. ನಮ್ಮೆಜಮಾನ್ರು ಬೆಳಿಗ್ಗೆ ಬಜೆಟ್ ಹೇಳಿದರು, ಸಂಜೆಗೆ ಓನರ್ ಬಾಯಲ್ಲಿ ಅದೇ ಅಂಕಿ! ಇವರು ಯಾರಿಗೆ ಕೆಲಸ ಮಾಡ್ತಿರೋದು?

ಜಯನಗರದವ: ಎರಡೂ ಕಡೆ ಕಮಿಷನ್ ನಮ್ಮೂರಲ್ಲಿ ಮಾಮೂಲಿ. 1872ರ ಕರಾರು ಕಾಯ್ದೆ ಪ್ರಕಾರ ಏಜೆಂಟ್ ತನ್ನನ್ನು ನೇಮಿಸಿದವರ ಹಿತ ಕಾಯಬೇಕು. ಗುಟ್ಟಾಗಿ ತನ್ನದೇ ವ್ಯಾಪಾರ ಮಾಡಿಕೊಂಡರೆ ಆ ಲಾಭ ಕೇಳುವ ಹಕ್ಕು ನೇಮಿಸಿದವರಿಗಿದೆ (ಸೆಕ್ಷನ್ 216). ಆದರೆ ನೀವು ನೇಮಿಸಿದ್ದೀರಾ? ಬಾಯಿಮಾತು ಸಾಬೀತು ಮಾಡೋದು ಕಷ್ಟ. ಯಾರ ಪರ, ಎಷ್ಟು, ಯಾವಾಗ ಅಂತ ಬರೆಸಿಕೊಳ್ಳಿ.

ಕೆಂಗೇರಿ ಮಾವ: ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇದೆಯಾ ಕೇಳಿ. ಆದರೆ ಆ ನಿಯಮ ರೇರಾದಲ್ಲಿ ನೋಂದಾಯಿಸಿದ ಪ್ರಾಜೆಕ್ಟ್ ಮಾರುವ ಏಜೆಂಟರಿಗೆ. ಹಳೇ ಫ್ಲ್ಯಾಟ್‌ಗೆ ಅದನ್ನೇ ನಂಬಿ ಕೂರಬೇಡಮ್ಮ. ಇ.ಸಿ. (ಆಸ್ತಿ ಮೇಲಿನ ನೋಂದಾಯಿತ ಸಾಲ, ಮಾರಾಟ ತೋರಿಸುವ ಋಣಭಾರ ಪತ್ರ) ಸರ್ಕಾರದ ಕಾವೇರಿ ಪೋರ್ಟಲ್‌ನಲ್ಲಿ ನೀನೇ ತೆಗಿ. ಟೋಕನ್ ದುಡ್ಡು ಓನರ್ ಅಕೌಂಟಿಗೇ ಹೋಗಲಿ.

ಯಲಹಂಕದ ಗೃಹಿಣಿ: ಬರೆದುಕೊಡಿ ಅಂದೆ. "ನಂಬಿಕೆ ಇಲ್ವಾ ಮೇಡಂ?" ಅಂದರು. ಸುಮ್ನೆ ಕೂತಿದ್ದೆ. ಶೇ 1ಕ್ಕೆ ಇಳಿದಿದ್ದಾರೆ, ಕಾಗದ ಮಾತ್ರ ಇನ್ನೂ ಬಂದಿಲ್ಲ.