ಟೆಸ್ಟಿಂಗ್‌ನಲ್ಲಿ "ಎಲ್ಲ ಕಡೆ ಹೀಗೇ ಮಾಡ್ತಾರೆ" ಅನ್ನೋದನ್ನ ಪ್ರಶ್ನೆ ಮಾಡಿದ್ದೀರಾ? ಅನುಭವ ಹೇಳಿ

ಪ್ರಶ್ನೆ (ಹುಬ್ಬಳ್ಳಿ, ವಿದ್ಯಾನಗರ)

ಎಲ್ಲರಿಗೂ ನಮಸ್ಕಾರ. ಇಲ್ಲೇ ಹುಬ್ಬಳ್ಳಿಯ ಸಣ್ಣ ಕಂಪನಿಯೊಂದರಲ್ಲಿ ಟೆಸ್ಟರ್ ಆಗಿ ಎರಡು ವರ್ಷ ಆಯಿತು. ಅಂಗಡಿಯವರ ಲೆಕ್ಕದ ಆ್ಯಪ್ ನಮ್ಮದು. ಟೆಸ್ಟ್ ಕೇಸನ್ನು, ಅಂದರೆ ಏನು ಮಾಡಿದರೆ ಏನು ಬರಬೇಕು ಅನ್ನೋದನ್ನು, ಎಕ್ಸೆಲ್‌ನಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯದೆ ಆ್ಯಪ್ ಮುಟ್ಟುವಂತಿಲ್ಲ. ಪ್ರತಿ ರಿಲೀಸ್‌ಗೂ ಹಳೆಯ 640 ಕೇಸು ಪೂರ್ತಿ ಓಡಿಸಬೇಕು. ಎಲ್ಲ ಪಾಸ್ ಆದರೆ ಆ್ಯಪ್ ಸರಿ ಇದೆ ಅಂತ ವರದಿ ಹೋಗುತ್ತದೆ. ಹೋದ ತಿಂಗಳು 640ಕ್ಕೆ 640 ಪಾಸ್. ಮರುದಿನ ಬೆಳಿಗ್ಗೆಯೇ ಗ್ರಾಹಕರ ಫೋನು. ಯಾಕೆ ಹೀಗೇ ಮಾಡಬೇಕು ಅಂತ ಲೀಡ್‌ ಹತ್ತಿರ ಕೇಳಿದೆ. "ಎಲ್ಲ ಕಡೆ ಹೀಗೇ ಮಾಡ್ತಾರೆ" ಅಂದರು. ನನಗೆ ಕೆಲಸ ಕಲಿಸಿದವರು ಅವರೇ, ಎದುರು ಮಾತಾಡಿದ ಹಾಗೆ ಆಗಬಾರದು. ನೀವು ಯಾರಾದರೂ ಇಂಥದ್ದನ್ನು ಪ್ರಶ್ನೆ ಮಾಡಿದ್ದೀರಾ? ಹೇಗೆ ಕೇಳಿದಿರಿ?

ಉತ್ತರ (ಹುಬ್ಬಳ್ಳಿ, ನವನಗರ)

ತಂಗಿ, ನನಗೆ ಈ ಕೆಲಸದಲ್ಲಿ ಇದು ಹದಿನಾಲ್ಕನೇ ವರ್ಷ. ಪ್ರಶ್ನೆ ಕೇಳುವುದನ್ನು ನನಗೆ ಕಲಿಸಿದ್ದು ಒಂದು ಊರಿನ ಹೆಸರು. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಆಗ ನಾನಿದ್ದ ಕಂಪನಿ ಎಪಿಎಂಸಿಯ ದಲಾಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತಿತ್ತು. ರೈತರು ಮೆಣಸಿನಕಾಯಿ ತಂದಾಗ ಚೀಲ, ತೂಕ, ದರ, ಹಮಾಲಿ ಎಲ್ಲ ಹಾಕಿ ಪಟ್ಟಿ ತೆಗೆದುಕೊಡುವುದು. ಅದರಲ್ಲಿ ‘ಊರು’ ಅಂತ ಒಂದು ಖಾನೆ. ಮಿತಿ 20 ಅಕ್ಷರ. ಮಿತಿ ಇದ್ದಲ್ಲಿ ಅದರ ಅಂಚಿನಲ್ಲಿ ಪರೀಕ್ಷಿಸು ಅಂತ ಎಲ್ಲರೂ ಕಲಿತಿರುತ್ತೇವೆ ಅಲ್ವಾ? ನಾನೂ ಹಾಗೇ ಮಾಡಿದೆ. ಇಂಗ್ಲಿಷ್‌ನ ‘ಎ’ ಅಕ್ಷರವನ್ನು 19 ಸಲ ಒತ್ತಿದೆ, 20 ಸಲ ಒತ್ತಿದೆ. ಹಿಡಿಸಿತು. 21ನೆಯದನ್ನು ಪರದೆ ತಡೆಯಿತು. ಮೂರೂ ಪಾಸ್ ಅಂತ ಬರೆದೆ.

ಅಂಗಡಿಯಲ್ಲಿ ಗುಮಾಸ್ತರು ಊರನ್ನು ಕನ್ನಡದಲ್ಲಿ ಹಾಕಿದರು. ಗದಗ ಸರಿಯಾಗಿ ಬಂತು. ಧಾರವಾಡ, ಹಾವೇರಿನೂ ಬಂದವು. ಬ್ಯಾಡಗಿ ಮಾತ್ರ ‘ಬ್ಯಾಡಗ’ ಅಂತ ಬಂದು, ಅದರ ಪಕ್ಕ ಕರಿ ಚೌಕದೊಳಗೆ ಒಂದು ಪ್ರಶ್ನೆ ಗುರುತು. ಮೆಣಸಿನಕಾಯಿ ವ್ಯಾಪಾರದ ಪಟ್ಟಿಯಲ್ಲಿ ಬ್ಯಾಡಗಿಯ ಹೆಸರೇ ಕೆಟ್ಟಿತ್ತು. ಆ ಕಾಗದ ಇನ್ನೂ ನನ್ನ ಕಣ್ಣ ಮುಂದಿದೆ.

ಬ್ಯಾಡಗಿ ನಮ್ಮ ಕಣ್ಣಿಗೆ ಮೂರೇ ಅಕ್ಷರ. ಕಂಪ್ಯೂಟರ್‌ನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಬ, ಹಲಂತ, ಯ, ಇಳಿ, ಡ, ಗ, ಗುಡಿಸು ಅಂತ ಏಳು ಸಂಕೇತ. ಆ ಸಂಕೇತಗಳನ್ನು ಬೈಟ್ ಆಗಿ ಕೂಡಿಡುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಒಟ್ಟು 21. ಪರದೆ ಸಂಕೇತ ಎಣಿಸುತ್ತಿತ್ತು, ಡೇಟಾಬೇಸ್ ಬೈಟ್ ಎಣಿಸಿ 20ಕ್ಕೆ ಕತ್ತರಿಸುತ್ತಿತ್ತು. ಕೊನೆಯ ಗುಡಿಸು ಪೂರ್ತಿ ಹಿಡಿಸದೆ ಮುರಿಯಿತು. ಧಾರವಾಡ, ಹಾವೇರಿ 18 ಬೈಟ್ ಆದ್ದರಿಂದ ಪಾರಾದವು.

ಅಂಚಿನಲ್ಲಿ ನೋಡುವ ಪದ್ಧತಿ ತಪ್ಪಲ್ಲ. ನಾನು ನೋಡಿದ ಅಂಚು ಬೇರೆ, ಸಾಫ್ಟ್‌ವೇರ್ ಮುರಿದ ಅಂಚು ಬೇರೆ. ಒಂದು ಅಕ್ಷರಕ್ಕೆ ಒಂದೇ ಲೆಕ್ಕ ಅಂತ ಯಾರೂ ನನಗೆ ಹೇಳಿರಲಿಲ್ಲ, ನಾನೇ ಹಾಗೆ ಹಿಡಿದುಕೊಂಡಿದ್ದೆ. ಅಂದಿನಿಂದ ಯಾರು ಯಾವ ಪದ್ಧತಿ ಹೇಳಿದರೂ ಮೊದಲು ನೋಡೋದು ಇದನ್ನೇ: ಇದು ಯಾವ ಮಾತನ್ನು ಖರೆ ಅಂತ ನಂಬಿ ಹೊರಟಿದೆ? ಆ ಮಾತು ನಮ್ಮಲ್ಲೂ ಖರೆಯಾ?

ನಿಮ್ಮ ಲೀಡ್ ಹತ್ತಿರ "ಇದು ಸರಿ ಇಲ್ಲ" ಅಂತ ಶುರು ಮಾಡಬೇಡಿ. ಆ 640 ಕೇಸಿನ ಶೀಟಿಗೆ ಒಂದು ಕಾಲಂ ಸೇರಿಸಿ: ಈ ಕೇಸು ಕೊನೆಯ ಸಲ ಬಗ್ (ಸಾಫ್ಟ್‌ವೇರ್‌ನ ತಪ್ಪು) ಹಿಡಿದದ್ದು ಯಾವಾಗ? ಆಮೇಲೆ ಗ್ರಾಹಕರು ಫೋನ್ ಮಾಡಿ ಹೇಳಿದ ತಪ್ಪುಗಳನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದು, ಒಂದೊಂದರ ಎದುರು ಅದನ್ನು ಹಿಡಿಯಬೇಕಿದ್ದ ಕೇಸಿನ ನಂಬರ್ ಹಾಕಿ. ಎಷ್ಟೋ ಸಾಲು ಖಾಲಿ ಉಳಿಯುತ್ತವೆ. ಎರಡನ್ನೂ ಅವರ ಮುಂದಿಟ್ಟು ಸುಮ್ನೆ ಕೂತುಕೊಳ್ಳಿ. ನಮ್ಮಲ್ಲಿ ಮಾತು ಶುರು ಮಾಡಿದ್ದು ನಮ್ಮ ಮ್ಯಾನೇಜರೇ.

ಉತ್ತರ (ನವಲಗುಂದ)

ನಮ್ಮದು ಹತ್ತಿ ಬೆಳೆಯುವ ಮನೆ. ಅದಕ್ಕೇ ಟೆಸ್ಟಿಂಗ್ ಬಗ್ಗೆ ಪುಸ್ತಕ ಬರೆದ ಬೋರಿಸ್ ಬೈಜರ್ ಅವರ ಕೀಟನಾಶಕದ ಹೋಲಿಕೆ ನನಗೆ ಬೇಗ ಹಿಡಿಸಿತು. ಒಂದೇ ಔಷಧಿ ಹೊಡೆದರೆ ಅದಕ್ಕೆ ಬಗ್ಗದ ಹುಳ ಉಳಿಯುತ್ತದೆ, ಟೆಸ್ಟ್‌ನಲ್ಲೂ ಹಾಗೇ ಅಂತ. ಬಿಟಿ ಹತ್ತಿಗೆ ಮೊದಲು ಬಗ್ಗಿದ್ದ ಗುಲಾಬಿ ಕಾಯಿಕೊರಕ ಆಮೇಲೆ ಹೇಗೆ ಒಗ್ಗಿಕೊಂಡಿತು ಅಂತ ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ.

ಆದರೆ ಆ ಹೋಲಿಕೆಯನ್ನೂ ಅಲ್ಲಿಗೇ ಒಪ್ಪಬೇಡಿ. ಹುಳ ಒಗ್ಗಿಕೊಳ್ಳುತ್ತದೆ, ಬಗ್ ಒಗ್ಗಿಕೊಳ್ಳುವುದಿಲ್ಲ. ಹಳೇ ಟೆಸ್ಟ್ ಹಳೇ ದಾರಿಯನ್ನೇ ಕಾಯುತ್ತಿರುತ್ತದೆ, ಬಗ್ ಬರುವುದು ಬೇರೆ ದಾರಿಯಿಂದ. ಹಾಗಂತ ಹಳೇ ದಾರಿಯ ಕಾವಲು ಪೂರ್ತಿ ತೆಗೆದರೆ, ನಾಳೆ ಯಾರೋ ಕೋಡ್ ಬದಲಿಸಿದಾಗ ಅಲ್ಲೇ ಏಟು ಬೀಳುತ್ತದೆ. ನಾನು ಉತ್ಸಾಹದಲ್ಲಿ ಒಮ್ಮೆ ಅರ್ಧಕ್ಕರ್ಧ ಕೇಸು ತೆಗೆದುಹಾಕಿಸಿದ್ದೆ. ಎರಡು ತಿಂಗಳಲ್ಲಿ ಬಾಕಿ ಲೆಕ್ಕ ತಪ್ಪಿತು. ಅದನ್ನು ಹಿಡಿಯುತ್ತಿದ್ದ ಕೇಸು ನಾನು ತೆಗೆಸಿದ್ದರಲ್ಲೇ ಇತ್ತು. ದುಡ್ಡಿನ ಲೆಕ್ಕದ ಕೇಸುಗಳನ್ನು ತಾನೇ ಓಡುವ ಹಾಗೆ ಸ್ಕ್ರಿಪ್ಟ್ ಬರೆದು ದಿನಾ ಓಡಿಸಿ. ನಿಮ್ಮ ಕಣ್ಣು ಹೊಸ ಕಡೆ ಇರಲಿ.

ಉತ್ತರ (ಗದಗ)

ನಾನು ಆಸ್ಪತ್ರೆಯ ಉಪಕರಣಗಳ ಸಾಫ್ಟ್‌ವೇರ್ ಪರೀಕ್ಷಿಸುತ್ತೇನೆ. ನಮ್ಮಲ್ಲಿ ಬರೆದಿಡದ ಪರೀಕ್ಷೆ ನಡೆದೇ ಇಲ್ಲ ಅಂತ ಲೆಕ್ಕ, ಅದು ಸರಿಯೂ ಹೌದು. ಬರೆಯುವುದು ದಂಡ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆದರೆ ಅಂಗಡಿ ಲೆಕ್ಕದ ಆ್ಯಪ್‌ಗೂ ಅಷ್ಟೇ ಬರವಣಿಗೆ ಬೇಕಾ ಅನ್ನೋದು ಬೇರೆ ಪ್ರಶ್ನೆ.

"ಹಿಂದೆ ಸರಿ ಇತ್ತು" ಅನ್ನುವ ಮಾತು ಬಂದಾಗ ನಾನು ಕಿರಿಯರಿಗೆ ಏರಿಯಾನ್ 5 ರಾಕೆಟ್ ಬಗ್ಗೆ ಹೇಳುತ್ತೇನೆ. 1996ರ ಜೂನ್ 4ರಂದು ಅದರ ಮೊದಲ ಹಾರಾಟ. ಏರಿಯಾನ್ 4ರಲ್ಲಿ ಚೆನ್ನಾಗಿ ನಡೆದಿದ್ದ ದಿಕ್ಕು ತಿಳಿಸುವ ಸಾಫ್ಟ್‌ವೇರನ್ನೇ ಇದಕ್ಕೂ ಹಾಕಿದ್ದರು. ಹೊಸ ರಾಕೆಟ್‌ನ ಅಡ್ಡ ವೇಗ ಜಾಸ್ತಿ. ಆ ವೇಗಕ್ಕೆ ಸಂಬಂಧಿಸಿದ ಒಂದು ಸಂಖ್ಯೆಯನ್ನು 16 ಬಿಟ್‌ನಲ್ಲಿ ತುಂಬಲು ಹೋದಾಗ ಹಿಡಿಸಲಿಲ್ಲ, 32,767ರ ಮಿತಿ ದಾಟಿತ್ತು. ಮೇಲೇರಿದ ಒಂದು ನಿಮಿಷದೊಳಗೆ ರಾಕೆಟ್ ಚೂರಾಯಿತು. ಹೊಸ ಹಾದಿಯ ಅಂಕಿ ಹಾಕಿ ಆ ಭಾಗವನ್ನು ನೆಲದ ಮೇಲೇ ಪರೀಕ್ಷಿಸಿದ್ದರೆ ಗೊತ್ತಾಗುತ್ತಿತ್ತು.

ನಿಮಗೆ ಒಂದು ದಾರಿ ಹೇಳುತ್ತೇನೆ. ಜೊನಾಥನ್ ಮತ್ತು ಜೇಮ್ಸ್ ಬಾಕ್ ಸೋದರರು 2000ದಲ್ಲಿ ರೂಪಿಸಿದ ಸೆಷನ್ ಪದ್ಧತಿ ಅಂತ ಇದೆ. ಸುಮಾರು 90 ನಿಮಿಷ, ಒಂದೇ ಗುರಿ. ಹೆಜ್ಜೆ ಮೊದಲೇ ಬರೆಯುವುದಿಲ್ಲ, ಆದರೆ ನೋಡಿದ್ದನ್ನೆಲ್ಲ ಆಗಲೇ ಬರೆದಿಡಬೇಕು. ಕಾಗದ ಬೇಕು ಅನ್ನುವ ಲೀಡ್‌ಗೂ ಕಾಗದ ಸಿಗುತ್ತದೆ. ವಾರಕ್ಕೆ ಒಂದೇ ಒಂದು ಸೆಷನ್ ಕೇಳಿ ನೋಡಿ.

ಕೇಳಿದವರು, ಮೂರು ವಾರದ ನಂತರ

ಅಣ್ಣಾರ, ಅಕ್ಕಾರ, ಎಲ್ಲರಿಗೂ ಥ್ಯಾಂಕ್ಸ್. ಎರಡೂ ಹಾಳೆ ಮಾಡಿ ಲೀಡ್ ಮುಂದಿಟ್ಟೆ. ಗ್ರಾಹಕರ ಹಾಳೆಯ ಖಾಲಿ ಸಾಲುಗಳ ಮೇಲೆ ಅವರು ಬಹಳ ಹೊತ್ತು ಬೆರಳಿಟ್ಟು ನೋಡಿದರು. ಕೇಸು ಯಾವುದನ್ನೂ ತೆಗೆಯೋದು ಬೇಡ, ಶುಕ್ರವಾರ ಒಂದೂವರೆ ತಾಸು ತಗೋ ಅಂದರು.

ಮೊದಲ ಸೆಷನ್‌ನಲ್ಲಿ ಬ್ಯಾಡಗಿ ಅಂತಲೇ ಹಾಕಿದೆ. ನಮ್ಮಲ್ಲಿ ಹೆಸರು ಸರಿ ಬಂತು. ಆದರೆ ಬಾಕಿ ನೆನಪಿಸುವ ಎಸ್‌ಎಂಎಸ್ ಒಂದರ ಬದಲು ಎರಡರ ಲೆಕ್ಕದಲ್ಲಿ ಹೋಗುತ್ತಿತ್ತು. ನಮ್ಮ ಕೇಸಿನಲ್ಲಿ "160ರೊಳಗೆ ಇರಬೇಕು" ಅಂತ ಇದೆ. ಅದು ಇಂಗ್ಲಿಷ್ ಅಕ್ಷರಗಳ ಲೆಕ್ಕ. ಕನ್ನಡ ಬಂದರೆ ಒಂದು ಎಸ್‌ಎಂಎಸ್‌ಗೆ 70 ಸಂಕೇತ ಮಾತ್ರ. ಅಂಗಡಿಯವರು ಇಷ್ಟು ದಿನ ಎರಡರ ದುಡ್ಡು ಕಟ್ಟಿದ್ದಾರೆ. ಲೀಡ್‌ಗೆ ತೋರಿಸಿದೆ. ಮುಂದಿನ ಶುಕ್ರವಾರ ಅವರೂ ಪಕ್ಕದಲ್ಲಿ ಕೂರುತ್ತಾರಂತೆ.